ಎರವಿನ ಮಾತು

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಹಬ್ಬಕ್ಕೆಂದು ಬಂದವಳ ಚೀಲದಿಂದ ಹೊಸ ಸೀರೆಗಿಂತ ಮೊದಲು ಹೊರಬಿದ್ದದ್ದು ಒಂದು ಕಟ್ಟು ಕಾಗದ. ಆಕೆ ಬೆಂಗಳೂರಿನಲ್ಲಿ ಸಾಮಾಜಿಕ ನೀತಿ ಎಂಬ ವಿಷಯದಲ್ಲಿ ಎಂ.ಎ. ಓದುತ್ತಿದ್ದಾಳೆ. ಬಡವರಿಗೆ, ಹೆಂಗಸರಿಗೆ, ಮುದುಕರಿಗೆ ಎಂದು ಸರಕಾರ ಮಾಡುವ ಯೋಜನೆಗಳು ಎಲ್ಲಿ ಹುಟ್ಟುತ್ತವೆ, ಯಾರ ಕೈ ಸೇರುತ್ತವೆ, ದಾರಿಯಲ್ಲಿ ಎಲ್ಲಿ ಸೋರಿ ಹೋಗುತ್ತವೆ ಎಂಬುದನ್ನು ಕಲಿಸುವ ಓದು ಅದು. ಹಬ್ಬ ಮುಗಿದ ಮೇಲೆ ಹಳ್ಳಿಗೆ ಹೋಗಿ ಮನೆಮನೆ ತಿರುಗಿ ಸಮೀಕ್ಷೆ ಮಾಡುವುದಿತ್ತು.

"ದೊಡ್ಡವ್ವಾ, ನೀನ ನನ್ನ ಮೊದಲನೇ ಉತ್ತರದಾತೆ. ಪ್ರಶ್ನೆ ಸರಿ ಅದಾವೋ ಇಲ್ಲೋ ನಿನ್ನ ಮ್ಯಾಲೆ ಪ್ರಯೋಗ ಮಾಡಿ ನೋಡ್ತೀನಿ" ಎಂದು ನನ್ನನ್ನು ಅಡಿಗೆಮನೆಯಿಂದ ಎಬ್ಬಿಸಿಕೊಂಡು ಬಂದು ಕೂರಿಸಿದಳು. ಪ್ರಶ್ನೆಗೆ ಮೊದಲು ಒಂದು ಹಾಳೆಯನ್ನು ಓದಿದಳು. ಈ ಸಂದರ್ಶನದಲ್ಲಿ ಭಾಗವಹಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು, ಬೇಡವೆನಿಸಿದ ಪ್ರಶ್ನೆಗೆ ಉತ್ತರ ಕೊಡದೆ ಇರಬಹುದು, ನಡುವೆಯೇ ನಿಲ್ಲಿಸಬಹುದು, ನೀವು ಹೇಳಿದ್ದನ್ನು ಗುಟ್ಟಾಗಿ ಇಡುತ್ತೇವೆ, ನಿಮ್ಮ ಹೆಸರನ್ನು ಎಲ್ಲಿಯೂ ಬಳಸುವುದಿಲ್ಲ. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿತ್ತು.

ಪೆನ್ನು ಹಿಡಿದ ನನ್ನ ಕೈ ಆ ಕೊನೆಯ ಸಾಲಿನ ಹತ್ತಿರ ನಿಂತುಬಿಟ್ಟಿತು. ಮೂವತ್ತು ವರ್ಷ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಇಂಥ ಹಾಳೆ ನನಗೆ ಹೊಸದೇನೂ ಅಲ್ಲ. ಆದರೆ ಉತ್ತರ ಕೊಡುವವರ ಕಡೆ ಕುಳಿತು ಅದನ್ನು ಕೇಳಿದ್ದು ಅದೇ ಮೊದಲು. ಹಾಗೆ ಕುಳಿತಾಗ ನಲವತ್ತು ವರ್ಷಗಳ ಹಿಂದೆ ಇದೇ ಜಾಗದಲ್ಲಿ ನನ್ನೆದುರು ಕುಳಿತಿದ್ದ ಒಬ್ಬ ಹೆಣ್ಣುಮಗಳು ನೆನಪಾದಳು. ಆಕೆಯ ವಿಷಯವನ್ನು ನಾನು ಯಾವ ವಿದ್ಯಾರ್ಥಿಗೂ ಹೇಳಿರಲಿಲ್ಲ.

ನಾನು ಎಂ.ಎ.ಗೆ ಸೇರಿದ್ದು 1983ರಲ್ಲಿ. ಸಮಾಜಶಾಸ್ತ್ರ ಎಂದರೆ ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ. ಅಜ್ಜಿಯಂತೂ "ಮಂದಿ ಹೆಂಗ ಬಾಳ್ವೆ ಮಾಡ್ತಾರ ಅಂತ ತಿಳಕೊಳ್ಳಾಕ ಕಾಲೇಜ್ಯಾಕ? ಬಾವಿಕಟ್ಟಿ ಮ್ಯಾಲೆ ಒಂದು ತಾಸು ಕುಂತ್ರ ಸಾಕು" ಎಂದಿದ್ದಳು. ಅಜ್ಜಿಯ ಮಾತಿಗೆ ಆಗ ನಕ್ಕಿದ್ದೆ. ಬಾವಿಕಟ್ಟೆಗೂ ಸಂಶೋಧನೆಗೂ ಎಷ್ಟು ಹತ್ತಿರದ ನಂಟು ಎಂಬುದು ಮುಂದೆ ನನ್ನ ತಪ್ಪಿನಿಂದಲೇ ತಿಳಿಯಬೇಕಾಗಿತ್ತು.

ಓದು ನನಗೆ ಬಹಳ ಹಿಡಿಸಿತು. ಅಲ್ಲಿಯವರೆಗೆ ಹಣೆಬರಹ ಎಂದುಕೊಂಡದ್ದಕ್ಕೆಲ್ಲ ಒಂದು ಲೆಕ್ಕವಿದೆ, ಕಾರಣವಿದೆ ಎಂದು ತಿಳಿಯುತ್ತ ಹೋಯಿತು. ಭಾರತದಲ್ಲಿ ಹೆಂಗಸರ ಸ್ಥಿತಿಗತಿಯನ್ನು ಪರಿಶೀಲಿಸಲು 1971ರಲ್ಲಿ ಸರಕಾರ ಒಂದು ಸಮಿತಿಯನ್ನು ನೇಮಿಸಿತ್ತು. ಫೂಲರೇಣು ಗುಹಾ ಅವರು ಅದರ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ-ಕಾರ್ಯದರ್ಶಿ. 1974ರಲ್ಲಿ ಸಿದ್ಧವಾದ ಅವರ ವರದಿಯ ಹೆಸರು 'ಟುವರ್ಡ್ಸ್ ಈಕ್ವಾಲಿಟಿ', ಸಮಾನತೆಯ ಕಡೆಗೆ ಎಂದು ಅರ್ಥ. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದ ದೇಶದಲ್ಲಿ 1971ರ ಹೊತ್ತಿಗೆ ಆ ಸಂಖ್ಯೆ 930ಕ್ಕೆ ಇಳಿದಿತ್ತು ಎಂಬುದನ್ನು ಆ ವರದಿ ಎತ್ತಿ ತೋರಿಸಿದಾಗ ಓದಿದವರೆಲ್ಲ ಬೆಚ್ಚಿಬಿದ್ದರು. ಸ್ವಾತಂತ್ರ್ಯ ಬಂದಿತ್ತು, ಸಂವಿಧಾನ ಬಂದಿತ್ತು, ಆಸ್ಪತ್ರೆ ಶಾಲೆಗಳು ಬಂದಿದ್ದವು, ಹೆಣ್ಣುಮಕ್ಕಳು ಮಾತ್ರ ಕಡಿಮೆಯಾಗುತ್ತ ಹೋಗಿದ್ದರು. ಎಣಿಸದೆ ಇದ್ದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಆ ಪುಟ ಓದಿದ ದಿನ, ಎಣಿಸುವುದು ಕೂಡ ಒಂದು ಪುಣ್ಯದ ಕೆಲಸ ಎಂದು ನನಗೆ ಅನಿಸಿತ್ತು. ಈಗಲೂ ಹಾಗೆಯೇ ಅನಿಸುತ್ತದೆ.

ಸಂಶೋಧನಾ ವಿಧಾನದ ಪಾಠ ಬೇರೆಯೇ ಇತ್ತು. ಮಾದರಿ ಆರಿಸುವುದು ಹೇಗೆ, ಪ್ರಶ್ನಾವಳಿ ಕಟ್ಟುವುದು ಹೇಗೆ, ಸಂದರ್ಶನ ಮಾಡುವುದು ಹೇಗೆ ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಉತ್ತರ ಕೇಳಿ ಸಂತೋಷಪಡಬಾರದು, ದುಃಖಪಡಬಾರದು, ಮುಖ ತೊಳೆದಿಟ್ಟ ಪಾಟಿಯ ಹಾಗಿರಬೇಕು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಹಾಸ್ಟೆಲಿನಲ್ಲಿ ನಾವು ಗೆಳತಿಯರು ಕನ್ನಡಿಯ ಮುಂದೆ ನಿಂತು ಅಂಥ ಮುಖ ಮಾಡಿ ನಗುತ್ತಿದ್ದೆವು. ಎಂ.ಎನ್. ಶ್ರೀನಿವಾಸರ ಕಥೆಯನ್ನು ಕೇಳಿದ್ದೂ ಆ ತರಗತಿಯಲ್ಲೇ. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಮಾಡಿಕೊಂಡ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ತಿದ್ದಿ ವಿಂಗಡಿಸಿ ಇಟ್ಟಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಹಚ್ಚಿದಾಗ ಅವೆಲ್ಲ ಸುಟ್ಟುಹೋದವು. ಆಮೇಲೆ ಅವರು ಹೆಚ್ಚಾಗಿ ನೆನಪನ್ನೇ ನಂಬಿ ಬರೆದದ್ದು 1976ರಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್'. ಆ ಪುಸ್ತಕದ ರಾಮಪುರ ಎಂಬುದು ಊರಿನ ನಿಜವಾದ ಹೆಸರಲ್ಲ, ಜನರ ಗುರುತು ಮುಚ್ಚಲು ಇಟ್ಟ ಹೆಸರು. ಊರಿನ ಹೆಸರು ಬದಲಿಸಿ, ಮನುಷ್ಯರ ಹೆಸರು ತೆಗೆದು ನಂಬರು ಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದು ನಾನು ತಿಳಿದುಕೊಂಡೆ. ಮೇಷ್ಟ್ರು ಹಾಗೆ ಹೇಳಿರಲಿಲ್ಲ. ನಾನು ತಿಳಿದುಕೊಂಡದ್ದು ಹಾಗೆ.

1985ರ ಜನವರಿಯಲ್ಲಿ ನಾವು ಎಂಟು ಜನ ವಿದ್ಯಾರ್ಥಿಗಳು ಬೆಳವಲದ ಒಂದು ಹಳ್ಳಿಗೆ ಹೋದೆವು. ಎರಿಮಣ್ಣಿನ ಊರು, ಜೋಳ ಮತ್ತು ಹತ್ತಿಯ ಸೀಮೆ. ಪ್ರಾಥಮಿಕ ಶಾಲೆಯ ಒಂದು ಕೋಣೆಯಲ್ಲಿ ಹುಡುಗಿಯರ ಬಿಡಾರ, ಊರ ಹಿರಿಯರೊಬ್ಬರ ಮನೆಯಲ್ಲಿ ಊಟ. ಮತದಾರರ ಪಟ್ಟಿಯನ್ನು ಹಿಡಿದು ಪ್ರತಿ ಹತ್ತನೆಯ ಮನೆಯನ್ನು ಆರಿಸಿಕೊಂಡಿದ್ದೆವು. ಸೈಕ್ಲೋಸ್ಟೈಲ್ ಮಾಡಿದ ಪ್ರಶ್ನಾವಳಿಯಲ್ಲಿ ಎಂಬತ್ತಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಗ್ರಾಮೀಣ ಮಹಿಳೆಯರ ದುಡಿಮೆ, ಶಿಕ್ಷಣ, ಉಳಿತಾಯ ನಮ್ಮ ವಿಷಯ.

ನಲವತ್ತೇಳನೆಯ ಪ್ರಶ್ನಾವಳಿ ಆಕೆಯದು. ನಲವತ್ತರ ಆಸುಪಾಸಿನ ಹೆಂಗಸು. ನಾನು ಹೋದಾಗ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಕೈಬಿಡುವಾಗುವವರೆಗೆ ಕಾಯುತ್ತೇನೆ ಎಂದರೆ "ಕೈ ಎಂದ ಬಿಡುವಾದೀತ್ರೀ ಬಾಯಾರ? ನೀವು ಕೇಳ್ರಿ, ಬಾಯಿ ಬಿಡುವೈತಿ" ಎಂದಳು. ಉದ್ಯೋಗ ಏನು ಎಂದು ಕೇಳಿದೆ. "ಏನೂ ಇಲ್ರೀ, ಮನ್ಯಾಗ ಇರ್ತೀನಿ" ಎಂದಳು. ಹಾಗೆನ್ನುವಾಗ ಆಕೆಯ ಕೈ ಹಿಟ್ಟಿನ ಮೇಲಿತ್ತು, ಮಗ್ಗುಲಲ್ಲಿ ಹೊಲಕ್ಕೆ ಒಯ್ಯುವ ಬುತ್ತಿಯ ಗಂಟಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು ಸೆಗಣಿ ಬಳಿದು, ನೀರು ತಂದು, ಎಮ್ಮೆ ಹಿಂಡಿ, ಮಜ್ಜಿಗೆ ಕಡೆದು, ರೊಟ್ಟಿ ಮಾಡಿಟ್ಟು, ಬಿಸಿಲೇರುವ ಮೊದಲೇ ಹೊಲಕ್ಕೆ ಹೋಗಿ ಕಳೆ ತೆಗೆದೋ ಹತ್ತಿ ಬಿಡಿಸಿಯೋ ಸಂಜೆಗೆ ತಿರುಗಿ ಬಂದು ಮತ್ತೆ ಒಲೆ ಹಚ್ಚುವ ಹೆಂಗಸು ಆಕೆ. ಇದೆಲ್ಲ ಮುಂದಿನ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಿಂದ ತಿಳಿಯಿತು. ಆದರೆ ಉದ್ಯೋಗದ ಚೌಕದಲ್ಲಿ ನಾನು 'ಮನೆಗೆಲಸ' ಎಂಬುದಕ್ಕೆ ಗೊತ್ತುಮಾಡಿದ್ದ ಅಂಕೆಯನ್ನು ಬರೆದೆ. ಸೂಚನೆ ಹಾಗಿತ್ತು.

ಅರ್ಧಕ್ಕೆ ಬಂದಾಗ ಆಕೆ ಕಾಗದದ ಕಡೆ ಬಗ್ಗಿ ನೋಡಿ ಕೇಳಿದಳು, "ನನ್ನ ಹೆಸರ ಬರಕೊಂಡ್ರೇನ್ರೀ?"

ಹೆಸರು ಬರೆಯುವುದಿಲ್ಲ, ನಂಬರು ಮಾತ್ರ, ನೀವು ಹೇಳಿದ್ದು ಯಾರಿಗೂ ಗೊತ್ತಾಗಬಾರದಲ್ಲ ಎಂದು ನಾನು ಪಾಠ ಒಪ್ಪಿಸಿದೆ. ಆಕೆಗೆ ಅದು ಒಪ್ಪಿಗೆಯಾಗಲಿಲ್ಲ. "ಹೆಸರಿಲ್ಲದ ಬರದ್ರ ಇದು ಯಾರ ಮಾತು ಅಂತ ತಿಳಿಯೂದ ಹೆಂಗ್ರೀ? ಊರಾಗ ಎಲ್ಲಾರೂ ಇಂಥವರ ಹೇಣ್ತಿ, ಇಂಥವರ ಅವ್ವ ಅಂತಾರ. ನನ್ನ ಹೆಸರ ಹಿಡದು ಕರದವ್ರು ತವರಮನ್ಯಾಗ ಇದ್ರು, ಅವ್ರೂ ಹ್ವಾದ್ರು. ಪ್ಯಾಟಿಯಿಂದ ಬಂದು ನನ್ನ ಮಾತ ಬರಕೊಳ್ಳಾಕ ಹತ್ತೀರಿ, ನನ್ನ ಹೆಸರ್ಲೇ ಬರೀರಿ" ಎಂದಳು. ನಾನು ನಕ್ಕು ಆಗಲಿ ಎಂದೆ. ಆಗಲಿ ಎಂದೆನೇ ಹೊರತು ಬರೆಯಲಿಲ್ಲ.

ಆಮೇಲೆ ಉಳಿತಾಯದ ಪ್ರಶ್ನೆ ಬಂತು. ಮೊದಲು ಇಲ್ಲ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಟವಾಡುತ್ತಿದ್ದ ಹುಡುಗನನ್ನು ಹೊರಗೆ ಕಳಿಸಿ, ದನಿ ತಗ್ಗಿಸಿ ಹೇಳಿದಳು. ಮಜ್ಜಿಗೆ ಬೆಣ್ಣೆ ಮಾರಿದ್ದು, ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿದ್ದು ಎಲ್ಲ ಸೇರಿಸಿ ಇನ್ನೂರಾ ನಲವತ್ತು ರೂಪಾಯಿ ಅಡಕಲ ಗಡಿಗೆಯೊಂದರಲ್ಲಿ ಕಾಳಿನ ಕೆಳಗೆ ಇಟ್ಟಿದ್ದಾಳೆ. ಮಗಳು ಏಳನೆಯ ಇಯತ್ತೆಯಲ್ಲಿದ್ದಾಳೆ. ಊರಲ್ಲಿ ಮುಂದೆ ಶಾಲೆಯಿಲ್ಲ. ಜೂನ್ ತಿಂಗಳಲ್ಲಿ ಆಕೆಯನ್ನು ಪಕ್ಕದ ದೊಡ್ಡ ಊರಿನ ಹೈಸ್ಕೂಲಿಗೆ ಹಾಕಬೇಕು. ಫೀ, ಬಟ್ಟೆ, ಬಸ್ಸಿನ ಪಾಸು ಎಲ್ಲಕ್ಕೂ ಲೆಕ್ಕ ಹಾಕಿಟ್ಟಿದ್ದಳು. ಗಂಡನಿಗೆ ಸಾರಾಯಿಯ ಚಟ. ಆಗ ಊರೂರಿಗೂ ಸಾರಾಯಿ ಅಂಗಡಿಗಳಿದ್ದವು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. "ಇದನ್ನ ಮಾತ್ರ ಬರೀಬ್ಯಾಡ ತಂಗಿ" ಎಂದಳು. ಅಷ್ಟು ಹೊತ್ತು ಬಾಯಾರ ಎನ್ನುತ್ತಿದ್ದವಳು ಆಗ ನನ್ನನ್ನು ತಂಗಿ ಎಂದು ಕರೆದದ್ದು ನನಗೆ ಇಂದಿಗೂ ಕಿವಿಯಲ್ಲಿದೆ.

ನಾನು ಬರೆದೆ. ಉಳಿತಾಯ ನಮ್ಮ ಅಧ್ಯಯನದ ಮುಖ್ಯ ಅಂಶವಾಗಿತ್ತು, ಇಂಥ ಉತ್ತರ ಸಿಗುವುದೇ ಅಪರೂಪ, ಹೆಸರಂತೂ ಇಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅಲ್ಲಿಗೇ ನಿಂತಿದ್ದರೆ ಪಾಪ ಕಾಗದದ ಮೇಲೆಯೇ ಉಳಿಯುತ್ತಿತ್ತು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಹಿರಿಯ ಹೆಂಗಸು ಪ್ರೀತಿಯಿಂದ ಬಡಿಸುತ್ತ "ನಮ್ಮೂರ ಹೆಣಮಕ್ಕಳು ಹೆಂಗ ಕಂಡ್ರು?" ಎಂದು ಕೇಳಿದರು. ನಾನು ಉತ್ಸಾಹದಿಂದ, "ಭಾಳ ಗಟ್ಟಿಗಿತ್ತಿಯರು ನೋಡ್ರಿ. ಒಬ್ಬರಂತೂ ಕಾಳಿನ ಗಡಿಗ್ಯಾಗ ರೊಕ್ಕ ಕೂಡಿಟ್ಟು ಮಗಳನ್ನ ಹೈಸ್ಕೂಲಿಗೆ ಕಳಸಬೇಕಂತ ಮಾಡ್ಯಾರ" ಎಂದೆ. ಹೆಸರು ಹೇಳಲಿಲ್ಲ. ನನ್ನ ಮಾತಿನಲ್ಲಿ ಇದ್ದದ್ದು ಮೆಚ್ಚುಗೆ ಮಾತ್ರ. ಆದರೆ ಆ ವರ್ಷ ಏಳನೆಯ ಇಯತ್ತೆಯಲ್ಲಿ ಆ ಊರಿನ ಹುಡುಗಿಯರು ಇದ್ದದ್ದೇ ಮೂವರು. ಅಂಥ ಊರಿನಲ್ಲಿ ಹೆಸರು ಯಾರಿಗೆ ಬೇಕು? ಮಾತು ಮರುದಿನ ಬಾವಿಗೆ ಹೋಯಿತು. ಬಾವಿಯಿಂದ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು.

ಊರು ಬಿಡುವ ದಿನ ಎಲ್ಲರಿಗೂ ಹೇಳಿ ಬರಲು ಹೊರಟಾಗ ಆಕೆಯ ಮನೆಗೂ ಹೋದೆ. ಅಡಕಲ ಗಡಿಗೆಗಳೆಲ್ಲ ಪಡಸಾಲೆಯಲ್ಲಿ ಇಳಿಸಿದ್ದವು. ಎರಡು ಒಡೆದಿದ್ದವು. ಆಕೆ ನೆಲದ ಮೇಲೆ ಚೆಲ್ಲಿದ ಹೆಸರುಕಾಳನ್ನು ಮೊರದಲ್ಲಿ ಆಯುತ್ತಿದ್ದಳು, ಮಗಳು ಬಾಗಿಲ ಹತ್ತಿರ ಕುಳಿತಿದ್ದಳು. ಏನಾಯಿತೆಂದು ಕೇಳುವ ಅಗತ್ಯವೇ ಇರಲಿಲ್ಲ. ಆಕೆ ಎದ್ದು ಬಂದು ಒಂದು ವಾಟಗ ಮಜ್ಜಿಗೆ ಕೊಟ್ಟಳು. "ನೀ ಹೇಳೀದಿ ಅಂತ ನಾ ಅನ್ನೂದಿಲ್ಲ. ನಾನಽ ಬಾಯಿ ಬಿಡಬಾರದಿತ್ತು" ಎಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮುಖ ತೊಳೆದಿಟ್ಟ ಪಾಟಿಯ ಹಾಗಿರಬೇಕು ಎಂದು ಕಲಿತಿದ್ದೆನಲ್ಲ, ಅಂದು ಅದು ಆಗಲಿಲ್ಲ. ಆಕೆಯೇ "ಅಳಬ್ಯಾಡ, ಮತ್ತ ಬರ್ತೀಯಲ್ಲ?" ಎಂದಳು. ಬರುತ್ತೇನೆ, ವರದಿ ತಂದು ಓದಿ ಹೇಳುತ್ತೇನೆ ಎಂದೆ. ಆ ಮಗಳ ಕಡೆ ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಊರಿಂದ ಬಂದ ಮೇಲೆ ಮೇಷ್ಟ್ರಿಗೆ ಹೇಳಿದೆ. ಒಳ್ಳೆಯ ಮನುಷ್ಯರು, ನೊಂದುಕೊಂಡರು. ಹಾಗೆಲ್ಲ ಹೊರಗೆ ಮಾತಾಡಬಾರದಮ್ಮ ಎಂದರು, ಆಮೇಲೆ ಮಾಹಿತಿಯನ್ನು ಕೋಷ್ಟಕಕ್ಕೆ ಇಳಿಸು ಎಂದರು. ನನ್ನ ವಿದ್ಯಾರ್ಥಿವೇತನದಲ್ಲಿ ಒಂದಷ್ಟನ್ನು ಮನಿಯಾರ್ಡರು ಮಾಡಬೇಕೆಂದು ಎರಡು ಸಲ ಅಂಚೆ ಕಚೇರಿಯವರೆಗೆ ಹೋದೆ. ಮನಿಯಾರ್ಡರು ಬಂದರೆ ಊರಿಗೆಲ್ಲ ತಿಳಿಯುತ್ತದೆ, ಮತ್ತೆ ಗಂಡನ ಕೈಗೇ ಸೇರುತ್ತದೆ, ಉತ್ತರಕ್ಕೆ ದುಡ್ಡು ಕೊಟ್ಟ ಹಾಗಾಗುತ್ತದೆ, ಹೀಗೆ ಕಾರಣಗಳು ಸಾಲಾಗಿ ಬಂದವು. ಎಲ್ಲವೂ ಸರಿಯಾದ ಕಾರಣಗಳೇ. ಮಾಡಲು ಮನಸ್ಸಿಲ್ಲದ ಕೆಲಸಕ್ಕೆ ಸರಿಯಾದ ಕಾರಣಗಳು ಎಷ್ಟು ಬೇಗ ಸಿಗುತ್ತವೆ ಎಂಬುದನ್ನು ನೀವೂ ಕಂಡಿರುತ್ತೀರಿ. ನನ್ನ ಪ್ರಬಂಧಕ್ಕೆ ಒಳ್ಳೆಯ ಅಂಕಗಳು ಬಂದವು. ಉಳಿತಾಯದ ಕೋಷ್ಟಕದಲ್ಲಿ ಆಕೆಯೂ ಒಂದು ಅಂಕೆಯಾಗಿ ಸೇರಿದ್ದಳು. ಆ ಕೋಷ್ಟಕ ವಿಶ್ವವಿದ್ಯಾಲಯದ ಕಪಾಟು ಸೇರುವ ಹೊತ್ತಿಗೆ ಆ ಉಳಿತಾಯ ಇರಲೇ ಇಲ್ಲ.

ಬರೀರಿ ಎಂದ ಹೆಸರನ್ನು ನಾನು ಬರೆಯಲಿಲ್ಲ. ಬರೀಬ್ಯಾಡ ಎಂದದ್ದನ್ನು ಬರೆದೆ, ಊಟದ ಹೊತ್ತಿನಲ್ಲಿ ಹೇಳಿಯೂ ಬಿಟ್ಟೆ. ಆಕೆ ಕೇಳಿದ್ದ ಎರಡೇ ಎರಡು ಮಾತುಗಳಲ್ಲಿ ಎರಡನ್ನೂ ಮೀರಿದೆ. ಇನ್ನೊಬ್ಬರ ಬದುಕಿನೊಳಕ್ಕೆ ಹೋಗಿ ಪ್ರಶ್ನೆ ಕೇಳುವ ಹಕ್ಕು ನಮಗೆ ಯಾರು ಕೊಟ್ಟರು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಕೇಳುವುದನ್ನೇ ಬಿಟ್ಟರೆ ಆಗದೇ ಎಂದು ಕೆಲಕಾಲ ಅನಿಸಿತ್ತು. ಆದರೆ ಅದು ಸುಲಭದ ಉತ್ತರ. ಕೇಳದೆ ಇದ್ದದ್ದರಿಂದಲೇ ಹೆಂಗಸರ ದುಡಿಮೆ ಈ ದೇಶದ ಲೆಕ್ಕದಲ್ಲಿ ಬಹುಕಾಲ ಕಾಣಿಸಲಿಲ್ಲ. 1991ರ ಜನಗಣತಿಯಲ್ಲಿ 'ಕಳೆದ ವರ್ಷ ಕೆಲಸ ಮಾಡಿದ್ದೀರಾ' ಎಂಬ ಪ್ರಶ್ನೆಯ ಜೊತೆಗೆ, ಹೊಲದಲ್ಲಿ ಅಥವಾ ಮನೆತನದ ಉದ್ಯೋಗದಲ್ಲಿ ಕೂಲಿಯಿಲ್ಲದೆ ಮಾಡಿದ ದುಡಿಮೆಯೂ ಸೇರಿದಂತೆ ಎಂಬ ಮಾತನ್ನು ಸೇರಿಸಿದರು. ಅದಕ್ಕಾಗಿ ಎಷ್ಟೋ ಜನ ವಿದ್ವಾಂಸೆಯರು, ಮಹಿಳಾ ಸಂಘಟನೆಗಳು ಒತ್ತಾಯಿಸಿದ್ದರು. ಆಗಲೂ ರೊಟ್ಟಿ, ನೀರು, ಮಗುವಿನ ಆರೈಕೆ ಕೆಲಸದ ಲೆಕ್ಕಕ್ಕೆ ಬರಲಿಲ್ಲ. 2019ರಲ್ಲಿ ಸರಕಾರ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಬೆಳಗಿನಿಂದ ಬೆಳಗಿನವರೆಗೆ ಯಾರು ಏನು ಮಾಡಿದರು ಎಂದು ಕೇಳಿ ಬರೆದುಕೊಂಡ ಸಮೀಕ್ಷೆ ಅದು. ಆರು ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ 81 ಹೆಂಗಸರು ಮನೆಯ ಕೂಲಿಯಿಲ್ಲದ ಕೆಲಸ ಮಾಡುತ್ತಿದ್ದರು, ಗಂಡಸರಲ್ಲಿ ನೂರಕ್ಕೆ 26. ಹಾಗೆ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಸುಮಾರು ಐದು ತಾಸು. "ಏನೂ ಇಲ್ರೀ, ಮನ್ಯಾಗ ಇರ್ತೀನಿ" ಎಂಬ ಉತ್ತರಕ್ಕೆ ಮೂವತ್ತನಾಲ್ಕು ವರ್ಷಗಳ ನಂತರ ಒಂದು ಲೆಕ್ಕ ಸಿಕ್ಕಿತು. ಯಾರೋ ಕೇಳಿದರು, ಎಷ್ಟೋ ಹೆಂಗಸರು ಕೆಲಸದ ನಡುವೆ ನಿಂತು ಹೇಳಿದರು, ಆದ್ದರಿಂದ ಸಿಕ್ಕಿತು. ಹಾಗಾಗಿ ಕೇಳಬೇಕು. ಹೇಗೆ ಕೇಳಬೇಕು, ಕೇಳಿದ್ದನ್ನು ಏನು ಮಾಡಬೇಕು ಎಂಬುದೇ ಕಷ್ಟದ ವಿಚಾರ.

ಅಧ್ಯಾಪಕಿಯಾದ ಮೇಲೆ ಈ ವಿಷಯವನ್ನು ಹುಡುಕಿ ಓದಿದೆ. ಅಮೆರಿಕದ ಟಸ್ಕೀಗೀ ಎಂಬ ಊರಿನ ಕಥೆ ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸರಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ರೋಗವಿದ್ದ ಸುಮಾರು ನಾನೂರು ಬಡ ಕಪ್ಪು ಜನರನ್ನು ಚಿಕಿತ್ಸೆ ಕೊಡದೆ ಗಮನಿಸುತ್ತ ಹೋಯಿತು. ಅವರಿಗೆ ಇದ್ದ ರೋಗದ ಹೆಸರನ್ನೂ ಹೇಳಲಿಲ್ಲ, ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬಯಲಾದ ಮೇಲೆ ಆ ದೇಶದಲ್ಲಿ ಒಂದು ಆಯೋಗ ಕುಳಿತು, 1979ರಲ್ಲಿ ಬೆಲ್ಮಾಂಟ್ ವರದಿ ಎಂಬ ನಿಯಮಾವಳಿ ಬಂತು. ಮನುಷ್ಯನಿಗೆ ಗೌರವ ಕೊಡು, ಕೇಡು ಮಾಡದೆ ಒಳಿತು ಮಾಡು, ಹೊರೆಯನ್ನೂ ಲಾಭವನ್ನೂ ನ್ಯಾಯವಾಗಿ ಹಂಚು ಎಂಬ ಮೂರು ತತ್ವಗಳು ಅದರಲ್ಲಿವೆ. ನನ್ನ ತಂಗಿಯ ಮಗಳು ಓದಿದ ಒಪ್ಪಿಗೆಯ ಹಾಳೆಯ ಬೇರು ಅಲ್ಲಿಗೂ ಹೋಗುತ್ತದೆ. ನನ್ನ ತಪ್ಪನ್ನು ಆ ಘೋರದ ಪಕ್ಕದಲ್ಲಿಟ್ಟು ದೊಡ್ಡದು ಮಾಡುವುದಿಲ್ಲ. ಆದರೆ ಕೇಳುವವರಿಗೆ ಕಾಗದ ಮುಖ್ಯವಾಗಿ, ಕಾಗದದ ಆಚೆ ಇರುವವರು ಮರೆತುಹೋಗುವುದು ಎರಡರಲ್ಲೂ ಒಂದೇ.

ಒಪ್ಪಿಗೆಯ ಹಾಳೆ ಬೇಡವೆಂದು ನಾನು ಹೇಳಲಾರೆ. ಆದರೆ ಅದು ಇದ್ದಿದ್ದರೂ ಅಂದಿನ ಅನಾಹುತ ತಪ್ಪುತ್ತಿರಲಿಲ್ಲ. ಆಕೆ ಹೆಬ್ಬೆಟ್ಟು ಒತ್ತಿರುತ್ತಿದ್ದಳು, ನಾನು ಹಾಳೆಯನ್ನು ಚೀಲದಲ್ಲಿ ಭದ್ರವಾಗಿ ಇಟ್ಟುಕೊಂಡು ರಾತ್ರಿ ಊಟಕ್ಕೆ ಕುಳಿತು ಅದೇ ಮಾತನ್ನು ಆಡಿರುತ್ತಿದ್ದೆ. ಸಹಿ ಮಾಡಿದ ಹಾಳೆ ಹೆಚ್ಚಾಗಿ ಕಾಯುವುದು ಕೇಳುವವರನ್ನು. ಹೇಳಿದವರನ್ನು ಕಾಯಬೇಕಾದದ್ದು ಕೇಳಿದವರ ನಾಲಿಗೆ.

ಇಂಗ್ಲೆಂಡಿನಲ್ಲಿ ಈ ಸಾಮಾಜಿಕ ನೀತಿಯ ಓದಿಗೆ ಗಟ್ಟಿಯಾದ ನೆಲೆ ಹಾಕಿದವರಲ್ಲಿ ರಿಚರ್ಡ್ ಟಿಟ್ಮಸ್ ಒಬ್ಬರು. 1950ರಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1970ರಲ್ಲಿ ಅವರು ರಕ್ತದಾನದ ಬಗ್ಗೆ ಒಂದು ಪುಸ್ತಕ ಬರೆದರು. ರಕ್ತವನ್ನು ಕೊಂಡು ಮಾರುವ ಪದ್ಧತಿಗಿಂತ, ಗುರುತು ಪರಿಚಯವಿಲ್ಲದವರಿಗೆ ಬಿಟ್ಟಿಯಾಗಿ ಕೊಡುವ ಪದ್ಧತಿಯಲ್ಲೇ ರಕ್ತ ಹೆಚ್ಚು ಶುದ್ಧವಾಗಿ ಸಿಗುತ್ತದೆ, ಸಮಾಜವೂ ಹೆಚ್ಚು ಆರೋಗ್ಯವಾಗಿ ಇರುತ್ತದೆ ಎಂದು ಬ್ರಿಟನ್ನು, ಅಮೆರಿಕಗಳನ್ನು ಹೋಲಿಸಿ ವಾದಿಸಿದರು. ಉತ್ತರವೂ ಹಾಗೆ ಒಂದು ದಾನ ಎಂದು ಆ ಪುಸ್ತಕ ಓದಿದಾಗ ನನಗೆ ಅನಿಸಿತ್ತು. ಯಾವುದೋ ಊರಿನ ಹೆಣ್ಣುಮಗಳು ಒಲೆ ಮುಂದೆ ಕುಳಿತು ತನ್ನ ಬದುಕನ್ನು ಹೇಳಿದರೆ, ಅದರಿಂದ ಇನ್ಯಾವುದೋ ಊರಿನ ಇನ್ಯಾವಳಿಗೋ ಶಾಲೆ ಬರಬಹುದು, ನೀರು ಬರಬಹುದು. ಹೇಳಿದವಳಿಗೆ ಏನೂ ಬಾರದೆ ಇರಬಹುದು.

ಆದರೆ ಬರಬರುತ್ತ ದಾನ ಎಂಬ ಮಾತು ನನಗೆ ಸಾಲದೆನಿಸಿದೆ. ದಾನ ಕೊಟ್ಟ ಮೇಲೆ ವಸ್ತು ಪಡೆದವರದಾಗುತ್ತದೆ, ಅವರು ಏನು ಬೇಕಾದರೂ ಮಾಡಬಹುದು. ಆಕೆ ನನಗೆ ಹೇಳಿದ ಮಾತು ನನ್ನದಾಗಲಿಲ್ಲ. ನಮ್ಮ ಕಡೆ ಮದುವೆ ಮುಂಜಿವೆಗಳಲ್ಲಿ ನೆರೆಮನೆಯವರ ಸರವನ್ನೋ ಬಳೆಯನ್ನೋ ಎರವಲು ತಂದು ಹಾಕಿಕೊಳ್ಳುವುದು ಹಿಂದೆ ಸಾಮಾನ್ಯವಾಗಿತ್ತು. ನನ್ನ ಮದುವೆಯಲ್ಲಿ ನಾನೂ ಪಕ್ಕದ ಮನೆಯ ಕಾಸಿನ ಸರ ಹಾಕಿಕೊಂಡಿದ್ದೆ. ಅದನ್ನು ಹಾಕಿಕೊಂಡಷ್ಟು ಹೊತ್ತೂ ಕೈ ಆಗಾಗ ಕೊರಳಿಗೆ ಹೋಗುತ್ತದೆ. ಜನ ಹೊಗಳಿದರೆ ಒಳಗೇ ಒಂದು ಸಂಕೋಚ. ಕಾರ್ಯ ಮುಗಿದ ಮೇಲೆ ಒರೆಸಿ, ಕಾಸು ಎಣಿಸಿ, ಮಡಿಲಿಗೆ ಅರಿಸಿನ ಕುಂಕುಮದೊಂದಿಗೆ ಹಿಂದಿರುಗಿಸಿ ಬರಬೇಕು. ಇನ್ನೊಬ್ಬರ ಮಾತನ್ನು ಇಟ್ಟುಕೊಳ್ಳುವುದು ಹಾಗೆ ಎಂದು ಈಗ ತಿಳಿದಿದ್ದೇನೆ. ಅದನ್ನು ಧರಿಸಿ ನಾನು ಪದವಿ ಪಡೆದೆ, ನೌಕರಿ ಪಡೆದೆ. ಹಿಂದಿರುಗಿಸಲು ಹೋಗಲಿಲ್ಲ.

ಹೋಗಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಹನ್ನೊಂದು ವರ್ಷಗಳ ಮೇಲೆ ಒಮ್ಮೆ ಹೋದೆ. ವರದಿಯ ಒಂದು ಪ್ರತಿ ಚೀಲದಲ್ಲಿತ್ತು. ಮನೆಗೆ ಬೀಗ ಹಾಕಿತ್ತು. ಗೋವಾಕ್ಕೆ ದುಡಿಯಲು ಹೋಗಿದ್ದಾರೆ, ಮನೆಮಂದಿಯೆಲ್ಲ, ಎಂದು ಪಕ್ಕದವರು ಹೇಳಿದರು. ಮಗಳ ಬಗ್ಗೆ ಕೇಳಿದೆ. "ಆಕೀದು ಲಗ್ನ ಆಗಿ ಯಾವ ಕಾಲ ಆತು" ಎಂದರು. ಯಾವ ವರ್ಷ ಎಂದು ಕೇಳುವ ಧೈರ್ಯ ಬರಲಿಲ್ಲ. ಎಂಬತ್ತಕ್ಕೂ ಹೆಚ್ಚು ಪ್ರಶ್ನೆ ಕೇಳಿದ್ದ ಊರಿನಲ್ಲಿ ಆ ಒಂದು ಪ್ರಶ್ನೆ ಕೇಳದೆ ಬಸ್ಸು ಹತ್ತಿದೆ.

ತಂಗಿಯ ಮಗಳು ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ಆಕಿ ಹೆಸರೇನು ದೊಡ್ಡವ್ವಾ?" ಎಂದಳು.

ಹೆಸರು ನನಗೆ ಚೆನ್ನಾಗಿ ನೆನಪಿದೆ. ನನ್ನ ಮಗಳಿಗೆ ಆ ಹೆಸರಿಡಬೇಕೆಂದು ಒಮ್ಮೆ ಯೋಚಿಸಿದ್ದೂ ಉಂಟು. ಆದರೆ ಹೇಳಲಿಲ್ಲ. ಇಲ್ಲಿಯೂ ಬರೆದಿಲ್ಲ. ಆಕೆ ಬರೀರಿ ಎಂದಿದ್ದಳಲ್ಲ, ಇಷ್ಟಾದರೂ ಋಣ ತೀರಿಸಬಾರದೇ ಎಂದು ನೀವು ಕೇಳಬಹುದು. ಆಕೆ ಹೆಸರು ಬರೀರಿ ಎಂದದ್ದು ಗಡಿಗೆಯ ಮಾತು ಹೇಳುವ ಮೊದಲು. ಹೇಳಿದ ಮೇಲೆ ಕೇಳಿದ್ದರೆ ಏನನ್ನುತ್ತಿದ್ದಳೋ ನನಗೆ ತಿಳಿಯದು. ಆ ಮಗಳಿಗೆ ಈಗ ಐವತ್ತು ದಾಟಿರಬೇಕು, ಆಕೆಗೂ ಮಕ್ಕಳು ಮೊಮ್ಮಕ್ಕಳು ಇರಬಹುದು. ಅವರ ಒಪ್ಪಿಗೆಯನ್ನು ಯಾರು ಕೇಳಿದ್ದಾರೆ? ಊರಿನ ಹೆಸರು ಬಿಟ್ಟು, ಗುರುತು ಹತ್ತುವ ಒಂದೆರಡು ವಿವರಗಳನ್ನು ಬದಲಿಸಿ ಬರೆದಿದ್ದೇನಾದರೂ, ಬರೀಬ್ಯಾಡ ಎಂದದ್ದನ್ನು ಮತ್ತೊಮ್ಮೆ ಬರೆದಂತೆಯೇ ಆಯಿತಲ್ಲ ಎಂಬ ಅಳುಕು ಈ ಸಾಲಿನಲ್ಲೂ ಇದೆ. ಹೆಸರು ಬರೆದರೂ ತಪ್ಪು, ಬರೆಯದಿದ್ದರೂ ತಪ್ಪು ಎನ್ನುವ ಜಾಗಕ್ಕೆ ನನ್ನನ್ನು ನಾನೇ ತಂದುಕೊಂಡಿದ್ದೇನೆ. ಎರಡರಲ್ಲಿ ಆಕೆಗೆ ಕಡಿಮೆ ನೋವಾಗುವ ತಪ್ಪು ಯಾವುದೆಂದು ಊಹಿಸಿ ಅದನ್ನು ಆರಿಸಿಕೊಂಡಿದ್ದೇನೆ, ಅಷ್ಟೇ.

ನಾನು ಹಾಳೆಗೆ ಸಹಿ ಮಾಡಿದೆ. ಹುಡುಗಿ ಪ್ರಶ್ನೆ ಕೇಳುತ್ತ ಹೋದಳು. ಉಳಿತಾಯದ ಪ್ರಶ್ನೆ ಬಂದಾಗ ತಾನಾಗಿ ನಿಲ್ಲಿಸಿ, "ಇದನ್ನ ಮನೀ ಮಂದಿ ಎದುರಿಗೆ ಕೇಳಬಾರದು, ಅಲ್ಲ?" ಎಂದು ಮಗ್ಗುಲಲ್ಲಿ ಗುರುತು ಹಾಕಿಕೊಂಡಳು. ಇನ್ನೊಂದು ಪ್ರಶ್ನೆಯನ್ನೂ ತಾನೇ ಕೈಬರಹದಲ್ಲಿ ಕೊನೆಗೆ ಸೇರಿಸಿದಳು: ನಿಮ್ಮ ಹೆಸರನ್ನು ಬರೆಯಬೇಕೆಂದು ನಿಮಗೆ ಅನಿಸುತ್ತದೆಯೇ? ಅವಳ ಮೇಷ್ಟ್ರು ಅದಕ್ಕೆ ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.

ಹೊರಡುವ ದಿನ ಚೀಲ ಕಟ್ಟುತ್ತ ಹೇಳಿದಳು, "ಈಗರ ಹುಡುಕಿಕೊಂಡು ಹೋಗೂಣೇನು ದೊಡ್ಡವ್ವಾ? ನಾನೂ ಬರ್ತೀನಿ." ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಆಕೆ ಬದುಕಿದ್ದರೆ ಎಂಬತ್ತರ ಮುದುಕಿ. ಹೋಗುವುದು ಆಕೆಗಾಗಿಯೋ ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವುದಕ್ಕೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಹೋಗುವುದಾದರೆ ಕಾಗದ ಪೆನ್ನು ಒಯ್ಯುವುದಿಲ್ಲ. ಹೆಸರು ಹಿಡಿದು ಅಕ್ಕಾ ಎಂದು ಕರೆದು, ಆಕೆ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಬರುತ್ತೇನೆ.